ಸೊಂಟದಲ್ಲಿ .32 ರಿವಾಲ್ವರ್ ನಿಲ್ಲುವುದೇ ಇಲ್ಲ, ಹೋಲ್‌ಸ್ಟರ್ ಎಲ್ಲಿ ಕಟ್ಟುವುದು?

ಅಡ್ಕದಮನೆ: ಲೈಸೆನ್ಸ್ ಉಂಟು. ಕಾನ್ಪುರದ .32 ರಿವಾಲ್ವರ್, ಬಲಸೊಂಟದಲ್ಲಿ ಒಳಗೆ ಸಿಕ್ಕಿಸುವ ಚರ್ಮದ ಹೋಲ್‌ಸ್ಟರ್. ನಿಂತರೆ ಜಾರ್ತದೆ, ಕಾರಿನಲ್ಲಿ ಕೂತರೆ ಹಿಡಿ ಪಕ್ಕೆಲುಬಿಗೆ ಒತ್ತುತ್ತದೆ, ಬಗ್ಗಿದರೆ ಅಂಗಿಯಲ್ಲಿ ಉಬ್ಬು. ಅಡಿಕೆ ಕೊಟ್ಟು ಹಣ ಹಿಡಿದುಕೊಂಡು ಬದಿಯಡ್ಕದಿಂದ ಬರುವಾಗ ದಾರಿಯುದ್ದಕ್ಕೂ ಸೊಂಟ ಮುಟ್ಟಿ ನೋಡುವುದೇ ಕೆಲಸ. ಹೋಲ್‌ಸ್ಟರ್ ಬದಲಾಯಿಸಿ ಸಾಕಾಯಿತು.

ಶಿರಿಯಹೊಳೆ: ನಿಮ್ಮದು ಓರೆ ಸರಿಯಿಲ್ಲ. ಹೊಕ್ಕುಳನ್ನು 12 ಗಂಟೆ ಅಂತ ಹಿಡಿದರೆ ಬಲಸೊಂಟ 3. ಅಲ್ಲಿಂದ ಹಿಂದೆ 4ಕ್ಕೆ ಸರಿಸಿ, ಹಿಡಿ ಮುಂದಕ್ಕೆ ಬಾಗುವ ಹಾಗೆ 15 ಡಿಗ್ರಿ ಓರೆ ಕೊಡಿ. ಮತ್ತೆ, ಮುಟ್ಟಿ ನೋಡುವುದನ್ನು ಬಿಡಿ. ಉಬ್ಬು ಕಾಣದವನಿಗೂ ಅದರಿಂದಲೇ ಗೊತ್ತಾಗ್ತದೆ.

ಅಡ್ಕದಮನೆ: 4ಕ್ಕೆ ಸರಿಸಿದೆ. ಜಾರುವುದು ಜಾಸ್ತಿಯೇ ಆಯ್ತು.

ಶಿರಿಯಹೊಳೆ: ಓರೆ 20 ಮಾಡಿ.

ಕೋಟೆಬದಿ: 1 ಗಂಟೆಯ ಜಾಗಕ್ಕೆ, ಹೊಟ್ಟೆಯ ಮುಂದೆ ತನ್ನಿ. ಕೈಗೆ ಬೇಗ ಸಿಗ್ತದೆ, ಬಸ್ಸಿನ ರಶ್ಶಿನಲ್ಲಿ ಹಿಂದಿನಿಂದ ಯಾರೂ ಕೈ ಹಾಕ್ಲಿಕ್ಕಾಗುವುದಿಲ್ಲ. ನನ್ನದು ನಿರ್ಭೀಕ್ ಅಂತ ಹಗುರದ ರಿವಾಲ್ವರ್, ಬರೀ ಅರ್ಧ ಕಿಲೊ. ಮಂಗಳೂರಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಎಮ್ಮೆ ಚರ್ಮದ ಹೋಲ್‌ಸ್ಟರ್. ಮನೆಯವರಿಗೂ ಗೊತ್ತಾಗುವುದಿಲ್ಲ.

ಮುಳ್ಳೇರಿಯ_ಮಾಜಿ: ಅಲ್ಲಿಟ್ಟರೆ ನಳಿಗೆಯ ಮುಖ ತೊಡೆಯ ದೊಡ್ಡ ರಕ್ತನಾಳದ ಕಡೆಗೆ. ಟ್ರಿಗರ್ ಪೂರ್ತಿ ಮುಚ್ಚುವ, ಬಾಯಿ ಮಡಚಿಕೊಳ್ಳದ ಗಟ್ಟಿ ಹೋಲ್‌ಸ್ಟರ್ ಇಲ್ಲದವರಿಗೆ ದಯವಿಟ್ಟು ಇದನ್ನು ಹೇಳಬೇಡಿ. ಬೆನ್ನ ನಡುವೆ, 6ರ ಜಾಗವೂ ಬೇಡ. ಮಳೆಗಾಲದ ಪಾಚಿಯಲ್ಲಿ ಜಾರಿ ಬಿದ್ದರೆ ಬೆನ್ನುಮೂಳೆಯ ಅಡಿಗೆ ಕಬ್ಬಿಣ.

ಕೋಟೆಬದಿ: ದಿನಾ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಬರುವವ ನಾನು. ಎಂತದೂ ಆಗ್ಲಿಲ್ಲ.

ಮುಳ್ಳೇರಿಯ_ಮಾಜಿ: ಲೈಸೆನ್ಸಿನಲ್ಲಿ ಪ್ರದೇಶ ಏನು ಬರೆದಿದೆ? ಕೇರಳ ಮಾತ್ರ ಇದ್ದರೆ ತಲಪಾಡಿಯಾಚೆ ಅದು ನಡೆಯುವುದಿಲ್ಲ.

ಕೋಟೆಬದಿ: ಅಖಿಲ ಭಾರತ ಉಂಟು ಮಾರಾಯ್ರೆ. ಇಲ್ಲಿ ಪ್ರಶ್ನೆ ಹೋಲ್‌ಸ್ಟರಿನದ್ದು.

ಮುಳ್ಳೇರಿಯ_ಮಾಜಿ: ಓದುವ ಎಲ್ಲರದ್ದೂ ಹಾಗಿರುವುದಿಲ್ಲ. 2016ರ ಆಯುಧ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಅದು ಪೂರ್ತಿ ಮುಚ್ಚಿರಬೇಕು, ನಮ್ಮ ಹತೋಟಿಯಲ್ಲಿರಬೇಕು. ಉಬ್ಬು ಕಾಣುವುದು ಬರೀ ಚಂದದ ಪ್ರಶ್ನೆ ಅಲ್ಲ.

ಶಿರಿಯಹೊಳೆ: ಓರೆ 20 ಮಾಡಿ ನೋಡಿದಿರಾ?

ಪಳ್ಳದಗದ್ದೆ: ಬೆಲ್ಟ್ ಎಂತದ್ದು? ಅಗಲ ಎಷ್ಟು?

ಅಡ್ಕದಮನೆ: ಬೆಲ್ಟ್ ಎಲ್ಲಿಂದ? ಉಡುವುದು ಮುಂಡು. ನಮ್ಮ ಕಡೆ ಎಲ್ಲರೂ ಅದನ್ನೇ ಅಲ್ವಾ? ಹೋಲ್‌ಸ್ಟರಿನ ಕ್ಲಿಪ್ಪನ್ನು ಮುಂಡಿನ ಮಡಿಕೆಗೆ ಸಿಕ್ಕಿಸಿದ್ದೇನೆ.

ಪಳ್ಳದಗದ್ದೆ: ಅದೇ ಮತ್ತೆ! ಆ ರಿವಾಲ್ವರ್ ಖಾಲಿಯೇ ಮುಕ್ಕಾಲು ಕಿಲೊ ಹತ್ತಿರ. ಹತ್ತಿ ಬಟ್ಟೆಯ ಮಡಿಕೆ ಅದನ್ನು ಹೊರುವುದಿಲ್ಲ, 3ರಲ್ಲಿಟ್ಟರೂ 4ರಲ್ಲಿಟ್ಟರೂ. ಬೆಲ್ಟ್ ಕೊಂಡಿ ಇರುವ ಚಡ್ಡಿ ಒಳಗೆ ಹಾಕಿ, ಒಂದೂವರೆ ಇಂಚು ಅಗಲದ ದಪ್ಪ ಚರ್ಮದ ಬೆಲ್ಟ್ ಬಿಗಿಯಿರಿ, ಹೋಲ್‌ಸ್ಟರ್ ಅದಕ್ಕೇ ಕೂರಲಿ. ಮುಂಡು ಅದರ ಮೇಲೆ, ಹಿಡಿ ಮಾತ್ರ ಮುಂಡಿನ ಅಂಚಿಗಿಂತ ಮೇಲೆ. ಮುಂಡು ಎತ್ತಿ ಕಟ್ಟುವಾಗಲೂ ಇಳಿಸುವಾಗಲೂ ರಿವಾಲ್ವರ್ ಅಲುಗಬಾರದು. ಕಾರಿನಲ್ಲಿ 4 ಬೇಡ, ಸೀಟಿನ ಬೆನ್ನು ಹಿಡಿಯನ್ನು ಪಕ್ಕೆಗೆ ತಳ್ಳುತ್ತದೆ. 3ಕ್ಕೇ ಇಡಿ. ಎಡಗಡೆ ಅಡ್ಡ ಇಡ್ಲಿಕ್ಕೆ ಹೋಗಬೇಡಿ, ಡ್ರೈವರಿನ ಸೀಟ್ ಬೆಲ್ಟಿನ ಬಕಲ್ ಇರುವುದೇ ಅಲ್ಲಿ. ಅಂಗಿ ಸಡಿಲ, ಚೌಕುಳಿಯದ್ದು. ತೆಳು ಬಿಳಿ ಅಂಗಿಯಲ್ಲಿ ಎಲ್ಲ ಕಾಣ್ತದೆ. ಮೊದಲು ಗುಂಡು ತೆಗೆದಿಟ್ಟು ಮನೆಯಲ್ಲಿ ಕಟ್ಟಿ ನೋಡಿ.

ಶಿರಿಯಹೊಳೆ: ಬೆಲ್ಟ್ ಸರಿ. ಆದರೂ ಓರೆ 15 ಬೇಕೇ ಬೇಕು.

ಅಡ್ಕದಮನೆ: ಗುಂಡು ತೆಗೆದು, ಹೇಳಿದ ಹಾಗೆ ಕಟ್ಟಿ ತೋಟ ಸುತ್ತಿ ಬಂದೆ. ಜಾರುವುದು ನಿಂತಿತು. ಕೂತಾಗಿನ ಒತ್ತು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಬೆವರಿಗೆ ಚರ್ಮ ಒದ್ದೆಯಾಗಿ ಸಿಲಿಂಡರಿನ ಮೇಲೆ ಕೆಂಪು ಚುಕ್ಕೆ ಬಂದಿದೆ, ಅದಕ್ಕೆ ಎಂತ ಮಾಡುವುದು?

ಮುಳ್ಳೇರಿಯ_ಮಾಜಿ: ರಾತ್ರಿ ಆ ಚರ್ಮದೊಳಗೇ ಬಿಡಬೇಡಿ. ಗುಂಡು ತೆಗೆದು ಒರೆಸಿ, ತೆಳುವಾಗಿ ಗನ್ ಆಯಿಲ್ ಸವರಿ, ಬೀಗದೊಳಗೆ ಇಡಿ. ಹೋಲ್‌ಸ್ಟರ್ ನೆರಳಲ್ಲಿ ಬೇರೆಯೇ ಒಣಗಲಿ.

ಕೋಟೆಬದಿ: ನಿರ್ಭೀಕಿಗೆ ಈ ತಾಪತ್ರಯ ಇಲ್ಲ, ಟೈಟಾನಿಯಂ ಮಿಶ್ರಲೋಹ. ನನ್ನ ಹೋಲ್‌ಸ್ಟರಿನ ಫೋಟೊ ಸಂಜೆ ಹಾಕ್ತೇನೆ, ಹೊಲಿಗೆ ನೋಡಿ.