ಬಾಕ್ಸ್ ಹಕಲ್‌ಬೆರಿ: ಪೆಟ್ಟಿಗೆಯಲ್ಲದ ‘ಬಾಕ್ಸ್’, ಹಸಿರಲ್ಲದ ‘ನಿತ್ಯಹಸಿರು’

ಎಲ್ಲರಿಗೂ ನಮಸ್ಕಾರ. ಒಂದು ಗಿಡದ ವರ್ಣನೆಯನ್ನು ಕನ್ನಡದಲ್ಲಿ ಬರೆಯಲು ಕೂತು, ಎರಡು ಸಾಲು ದಾಟುವುದರೊಳಗೆ ಸಿಕ್ಕಿಹಾಕಿಕೊಂಡಿದ್ದೇನೆ. ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಗಿಡದ ಹೆಸರು ಬಾಕ್ಸ್ ಹಕಲ್‌ಬೆರಿ. ಅಮೆರಿಕದ ಪೂರ್ವ ಭಾಗದ ಕೆಲವೇ ಕಡೆ ಸಿಗುವ, ಮೊಣಕಾಲಿಗೂ ಬಾರದ ಪೊದೆ. ಅಮ್ಮ ಊರಿಂದ ಬಂದಿದ್ದಾಗ ಪೆನ್ಸಿಲ್ವೇನಿಯಾದ ನ್ಯೂ ಬ್ಲೂಮ್‌ಫೀಲ್ಡ್ ಹತ್ತಿರ ಇದನ್ನು ನೋಡಲು ಕರೆದುಕೊಂಡು ಹೋಗಿದ್ದೆ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧ ಅವರವೇ.

ಮೊದಲು ಹೆಸರು. ಯಂತ್ರಾನುವಾದ ಇದನ್ನು ‘ಪೆಟ್ಟಿಗೆ ಹಣ್ಣು’ ಮಾಡಿಬಿಟ್ಟಿತು! ಇಲ್ಲಿ ಬಾಕ್ಸ್ ಅಂದರೆ ಬಾಕ್ಸ್‌ವುಡ್, ಅಂದರೆ ತೋಟದ ಅಂಚಿಗೆ ಕತ್ತರಿಸಿ ಬೆಳೆಸುವ ಸಣ್ಣೆಲೆಯ ಗಿಡ. ನಮ್ಮ ಪೊದೆಯ ಎಲೆ ಅದನ್ನು ಹೋಲುತ್ತದೆ, ಅಷ್ಟೇ. ತಮಾಷೆ ಏನೆಂದರೆ ಪೆಟ್ಟಿಗೆಯ ‘ಬಾಕ್ಸ್’ ಕೂಡ ಆ ಮರದ ಹೆಸರಿನಿಂದಲೇ ಬಂದದ್ದು. ಗ್ರೀಕರು ಅದರ ಕಟ್ಟಿಗೆಯಲ್ಲಿ ಡಬ್ಬಿ ಕೊರೆಯುತ್ತಿದ್ದರು. ಹಾಗಾಗಿ ಯಂತ್ರ ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಆದರೂ ಹೆಸರನ್ನು ಅನುವಾದ ಮಾಡದೆ ಬಿಡುವುದೇ ಒಳ್ಳೆಯದು ಅನಿಸುತ್ತದೆ. ಶಾಸ್ತ್ರೀಯ ಹೆಸರು ಗೇಲುಸ್ಸಾಸಿಯಾ ಬ್ರಾಕಿಸೆರಾ. ಮೊದಲ ಪದದಲ್ಲಿರುವುದು ಶಾಲೆಯಲ್ಲಿ ಅನಿಲದ ನಿಯಮ ಓದುವಾಗ ಕಾಡಿದ ಅದೇ ಗೇ-ಲುಸಾಕ್. ಎರಡನೆಯದಕ್ಕೆ ‘ಗಿಡ್ಡ ಕೊಂಬಿನ’ ಅಂತ ಅರ್ಥ.

ಕುಟುಂಬ ಎರಿಕೇಸಿ, ಇಂಗ್ಲಿಷಿನಲ್ಲಿ ಹೀತ್. ಹೀತ್ ಅಂದರೆ ಗಿಡವೂ ಹೌದು, ಅದು ಬೆಳೆಯುವ ಬಯಲೂ ಹೌದು. ‘ಬಂಜರು ಕುಟುಂಬ’ ಅಂದರೆ ನಗುತ್ತಾರೆ. ನೀಲಗಿರಿಯಲ್ಲಿ ಕೆಂಪು ಹೂ ಬಿಡುವ ರೋಡೊಡೆಂಡ್ರಾನ್, ಅಂಗಡಿಯ ಬ್ಲೂಬೆರಿ, ಎರಡೂ ಇದೇ ಕುಟುಂಬದವು ಅಂತ ಹೇಳಿ ಮುಂದೆ ಹೋಗುತ್ತೇನೆ.

ನನಗೆ ಜಾಸ್ತಿ ತೊಡಕಾಗಿರುವುದು ‘ನಿತ್ಯಹರಿದ್ವರ್ಣ’. ಈ ಪದ ಕೇಳಿದರೆ ಕಣ್ಣಿಗೆ ಬರುವುದು ಸಹ್ಯಾದ್ರಿಯ ಕಾಡು, ಒಂದಡಿಯ ಪೊದೆಯಲ್ಲ. ಅದಿರಲಿ, ಬಿಸಿಲಿಗೆ ಬಿದ್ದ ಕಡೆ ಈ ಗಿಡದ ಎಲೆ ಚಳಿಗಾಲದಲ್ಲಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆದರೆ ಉದುರುವುದಿಲ್ಲ. ಕೆಂಪಗೆ ನಿಂತಿರುವ ಗಿಡಕ್ಕೆ ‘ಸದಾ ಹಸಿರು ಬಣ್ಣದ್ದು’ ಅನ್ನುವುದು ಹೇಗೆ? ‘ಎಲೆ ಉದುರದ ಪೊದೆ’ ಅಂತ ಬರೆದಿದ್ದೇನೆ. ನಿತ್ಯಹರಿದ್ವರ್ಣವೇ ಬೇಕು ಅನ್ನುವವರು ಕಾರಣ ಕೊಡಿ, ಸುಮ್ನೆ ‘ರೂಢಿ’ ಅನ್ನಬೇಡಿ.

ಹೂವಿಗೆ ಪುಸ್ತಕಗಳಲ್ಲಿ ‘ಕುಂಡಾಕಾರ’ ಅಂತಿರುತ್ತದೆ. ಕುಂಡ ಅಂದರೆ ಈಗ ಎಲ್ಲರಿಗೂ ಬಾಯಿ ಅಗಲದ ಹೂಕುಂಡ. ಈ ಹೂವು ಹಾಗಿಲ್ಲ. ಉಬ್ಬಿದ ಹೊಟ್ಟೆ, ಕಿರಿದಾದ ಕತ್ತು, ಸ್ವಲ್ಪ ಹೊರಕ್ಕೆ ಮಡಚಿದ ಅಂಚು. ಬಿಳಿ, ಕೆಲವೊಮ್ಮೆ ತುಸು ಗುಲಾಬಿ. ತಲೆಕೆಳಗಾಗಿ ತೂಗುತ್ತಿರುತ್ತದೆ. ಅಮ್ಮ ಬಗ್ಗಿ ನೋಡಿ, “ತಂಬಿಗೆ ಬೋರಲು ಹಾಕಿದ ಹಾಗಿದೆ” ಅಂದರು. ನನಗಂತೂ ಒಪ್ಪಿಗೆಯಾಯಿತು. ‘ಚೊಂಬಿನಾಕಾರ’ ಅನ್ನೋಣ ಅಂದರೆ ಆ ಪದಕ್ಕೆ ಈಗ ಬೇರೆಯೇ ಅರ್ಥ ಅಂಟಿಕೊಂಡಿದೆ, ಅಲ್ವಾ?

ಹಣ್ಣು ನೀಲಿ. ಹಾಗಂತ ‘ಕಾಡುನೇರಳೆ’ ಅನ್ನಬಾರದು. ನೇರಳೆಗೆ ಒಂದು ಬೀಜ, ಹಕಲ್‌ಬೆರಿಗೆ ಹತ್ತು.

ಕೊನೆಯದು, ನಿಜವಾಗಿ ಕೇಳಬೇಕೆಂದುಕೊಂಡದ್ದು. ನ್ಯೂ ಬ್ಲೂಮ್‌ಫೀಲ್ಡಿನ ಈ ಜಾಗವನ್ನು 1845ರಲ್ಲಿ ಗುರುತಿಸಿದವರು ನಿಸರ್ಗ ವಿಜ್ಞಾನಿ ಸ್ಪೆನ್ಸರ್ ಬೇರ್ಡ್. ಅಲ್ಲಿ ಗಿಡ ಸುಮಾರು 8 ಎಕರೆ ಹಬ್ಬಿದೆ. ನೋಡಿದರೆ ಸಾವಿರಾರು ಪೊದೆಗಳು ಅನ್ನಬೇಕು. ಆದರೆ ಎಲ್ಲವೂ ಒಂದೇ ಗಿಡ. ನೆಲದೊಳಗೆ ಕಾಂಡ ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಚಾಚುತ್ತಾ ಹೋಗುತ್ತದೆ. ಆ ಲೆಕ್ಕದಲ್ಲಿ ಇದರ ವಯಸ್ಸು 1,300 ವರ್ಷ ಅಂತ ಅಂದಾಜು. ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಅಲ್ಲಿ ಇರುವುದೆಲ್ಲಾ ತಾನೇ ಆದ್ದರಿಂದ ಹೊಸ ಸಸಿ ಇಲ್ಲ. ಬ್ಲೂಬೆರಿಯನ್ನು ತೋಟದ ಬೆಳೆ ಮಾಡಿದ ಫ್ರೆಡರಿಕ್ ಕೋವಿಲ್ 1919ರಲ್ಲಿ ಇದನ್ನೇ ವಿವರಿಸಿ, ಗಿಡ ಅಳಿದುಹೋದೀತು ಎಂದು ಎಚ್ಚರಿಸಿದ್ದರು.

ಈಗ ಈ 8 ಎಕರೆಗೆ ಏನನ್ನಬೇಕು? ‘ಪೊದೆ’ ಅಂದರೆ ಒಂದು ಗುಪ್ಪೆ ಕಾಣುತ್ತದೆ. ‘ಸಮೂಹ’ ಅಂದರೆ ಹಲವು ಗಿಡ ಅಂತಾಗುತ್ತದೆ. ‘ಕಾಲೊನಿ’ ಅಂದರೆ ಮನೆಗಳು. ‘ಒಂದು ಗಿಡ’ ಅಂದರೆ ಅಮ್ಮನೇ ನಂಬಲಿಲ್ಲ. ದಾರಿಯ ಈ ಕಡೆಯದೂ ಆ ಕಡೆಯದೂ ಒಂದೇ ಅಂತ ಮೂರು ಸಲ ಹೇಳಬೇಕಾಯಿತು. ಆಮೇಲೆ ಅವರೇ, “ಬಾಳೆಯಾದರೆ ಬುಡ ಅಂತೀವಿ, ಬಿದಿರಾದರೆ ಮೆಳೆ. ಇದು ಗರಿಕೆ ಹಬ್ಬಿದ ಹಾಗೆ ಹಬ್ಬಿದೆ, ಗರಿಕೆಗೆ ಏನಂತೀವಿ?” ಅಂದರು. ಇಬ್ಬರಿಗೂ ಹೊಳೆಯಲಿಲ್ಲ.

ಸದ್ಯಕ್ಕೆ ‘ಮೆಳೆ’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿಟ್ಟಿದ್ದೇನೆ. ಮೆಳೆಗೆ ಎತ್ತರ ಬೇಕೇ ಬೇಕೇ? ನಿಮ್ಮ ಕಡೆ ಒಂದೇ ಬೇರಿನಿಂದ ನೆಲದಗಲ ಹಬ್ಬಿದ ಗಿಡದ ಇಡೀ ಹರವಿಗೆ ಪದ ಇದ್ದರೆ, ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ ತಿಳಿಸಿ.