ಗದ್ದೆ ಕೆಸರಲ್ಲಿ ಟ್ರ್ಯಾಕ್ಟರ್ ಹೂತಿದೆ, ಏನು ಮಾಡಲಿ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಗದ್ದೆ. ಹಿಂದಿನ ಗಾಲಿ ಅಚ್ಚಿನವರೆಗೂ ಇಳಿದಿದೆ. ಗಾಲಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಹೊಡಿ ಅಂತಾರೆ ಅಣ್ಣ. ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ದಿಮ್ಮಿ ಸಿಕ್ಕಿ ಗಾಲಿ ತಿರುಗದಿದ್ದರೆ ಮೂತಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ, ಹಾರಿಕೊಳ್ಳೋಕೂ ಸಮಯ ಸಿಗಲ್ಲ. ನಮ್ಮ ಚಿಕ್ಕಪ್ಪನ ಕಾಲು ಹೋಗಿದ್ದು ಹಾಗೇ. ನೇಗಿಲು ಕಳಚಿ, ಗಾಲಿ ಹಿಂದಿನ ಕೆಸರು ಬಗೆದು, ಹಲಗೆ ಕೊಟ್ಟು ರಿವರ್ಸ್‌ನಲ್ಲಿ ನಿಧಾನಕ್ಕೆ ಬನ್ನಿ. ಗಾಲಿ ಬರೀ ಸುತ್ತಿದರೆ ತಕ್ಷಣ ನಿಲ್ಲಿಸಿ.

ಇನ್ನೊಬ್ಬರು: ಬೇರೆ ಟ್ರ್ಯಾಕ್ಟರ್‌ನಿಂದ ಎಳೆಸಿದರೆ, ಎಳೆಯೋ ಗಾಡಿಯ ಹಿಂದೆ ಕೆಳಗಿರೋ ಕಬ್ಬಿಣದ ಪಟ್ಟಿ, ಅಂದರೆ ಡ್ರಾಬಾರ್‌ಗೇ ಹಗ್ಗ ಹಾಕಿ, ನೇಗಿಲು ಸಿಕ್ಕಿಸೋ ಮೇಲಿನ ಕೊಂಡಿಗೆ (ಟಾಪ್ ಲಿಂಕ್) ಬೇಡ. ಹಗ್ಗದ ಹತ್ತಿರ ಮಕ್ಕಳನ್ನ ಬಿಡಬೇಡಿ, ತುಂಡಾದರೆ ಚಾಟಿ ಥರ ಬರುತ್ತೆ.

ಪ್ರಶ್ನೆ ಕೇಳಿದವರು: ದಿಮ್ಮಿ ಬಿಚ್ಚಿಸಿದೆ. ಬೆಳಿಗ್ಗೆ ಗುದ್ದಲಿ ಹಿಡಿದು ನಾಲ್ಕು ಜನ ಇಳೀತೀವಿ.