ಪದಚರ್ಚೆ: ‘ಸಮುದಾಯ ಸೌರಶಕ್ತಿ’ ಅನ್ನೋಣವೇ, ‘ಪಾಲಿನ ಸೋಲಾರ್’ ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನಲ್ಲಿ ಕಮ್ಯೂನಿಟಿ ಸೋಲಾರ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ನೆಟ್ಟಗಿನ ಒಂದು ಮಾತು ಬೇಕಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘ ಈ ಬಗ್ಗೆ ಒಂದು ಕರಪತ್ರ ತರುತ್ತಿದೆ. ಕನ್ನಡದಲ್ಲಿ ಬರೆದುಕೊಡುವ ಕೆಲಸ ನನಗೆ ಬಂದಿದೆ. ಸಂಘದವರು ಕೊಟ್ಟ ಕರಡಿನಲ್ಲಿ ‘ಸಾಮುದಾಯಿಕ ಸೌರಶಕ್ತಿ ಯೋಜನೆ’ ಎಂದಿದೆ. ವ್ಯಾಕರಣದ ಪ್ರಕಾರ ತಪ್ಪೇನೂ ಇಲ್ಲ. ಆದರೆ ಓದಿದವರಿಗೆ ಇದೇನು ಅಂತ ತಿಳಿಯುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪದಕ್ಕೆ ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಮನೆಗೆ ಸೋಲಾರ್ ಹಾಕಿಸಲು ಸ್ವಂತ ತಾರಸಿ ಬೇಕು. ಫ್ಲಾಟಿನವರಿಗೆ, ಬಾಡಿಗೆ ಮನೆಯವರಿಗೆ ಅದು ಇಲ್ಲ. ಪಕ್ಕದ ಕಟ್ಟಡದ ನೆರಳು ಬೀಳುವವರಿಗೆ ಇದ್ದರೂ ಪ್ರಯೋಜನ ಇಲ್ಲ. ಅಂಥವರು ಹತ್ತಾರು ಮಂದಿ ಸೇರಿ, ಬೇರೆಲ್ಲೋ ಇರುವ ದೊಡ್ಡ ಘಟಕವೊಂದರಲ್ಲಿ ತಮಗೆ ಬೇಕಾದಷ್ಟು ಭಾಗ ಹಿಡಿಯುತ್ತಾರೆ. ಅದು ಶಾಲೆಯ ಚಾವಣಿ ಮೇಲಿರಬಹುದು, ಊರಾಚೆಯ ಬಂಜರಿನಲ್ಲಿರಬಹುದು. ಅಲ್ಲಿ ಹುಟ್ಟಿದ ಕರೆಂಟು ಸೀದಾ ಗ್ರಿಡ್ಡಿಗೆ, ಅಂದರೆ ಎಲ್ಲರಿಗೂ ಕರೆಂಟು ತರುವ ತಂತಿಜಾಲಕ್ಕೆ, ಹೋಗುತ್ತದೆ. ಅವರವರ ಭಾಗಕ್ಕೆ ಬಂದ ಯೂನಿಟ್ಟನ್ನು ಅವರವರ ಮನೆಯ ಬಿಲ್ಲಿನಲ್ಲಿ ಕಳೆಯುತ್ತಾರೆ. ಘಟಕದಿಂದ ಮನೆಗೆ ಬೇರೆ ತಂತಿ ಎಳೆಯುವುದಿಲ್ಲ. ಮನೆಗೆ ಬರುವುದು ಲೆಕ್ಕ ಮಾತ್ರ.

ಬೇರೆ ಕಡೆ ಯಾಕೆ ಹೋಗಬೇಕು, ನಮ್ಮ ತಾರಸಿ ಸಾಲದೇ ಅಂತ ಕೇಳುವವರಿದ್ದಾರೆ. ಒಂದು ಕಿಲೊವಾಟಿಗೆ ನೆರಳು ಬೀಳದ ಜಾಗ ಸುಮಾರು 100 ಚದರ ಅಡಿ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಐದು ಮಹಡಿ, ಮಹಡಿಗೆ ಎಂಟು ಮನೆ ಇರುವ ಕಟ್ಟಡ ಅಂತಿಟ್ಟುಕೊಳ್ಳಿ. ಮನೆಗೆ 2 ಕಿಲೊವಾಟ್ ಅಂದರೂ 80 ಕಿಲೊವಾಟ್, ಅಂದರೆ 8,000 ಚದರ ಅಡಿ ಬೇಕು. ತಾರಸಿ ಮೇಲೆ ಲಿಫ್ಟಿನ ಕೋಣೆ, ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಜಾಗ ಎಲ್ಲಾ ಹೋಗಿ ಉಳಿದದ್ದು ಲಿಫ್ಟು, ಪಂಪು, ಮೆಟ್ಟಿಲ ದೀಪಕ್ಕೆ ಸಾಕಾದರೆ ಅದೇ ಜಾಸ್ತಿ. ಈ ಕಾಮನ್ ಬಳಕೆಗೆ ಕೇಂದ್ರ ಸರ್ಕಾರದ 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕಿಲೊವಾಟಿಗೆ 18,000 ರೂಪಾಯಿಯಂತೆ 500 ಕಿಲೊವಾಟಿನವರೆಗೆ ಸಹಾಯಧನ ಇದೆ. ಹಾಗಾಗಿ ‘ಅಪಾರ್ಟ್‌ಮೆಂಟ್ ಸೋಲಾರ್’ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಅದೇ. ನಾನು ಕೇಳುತ್ತಿರುವುದು ಮನೆಯೊಳಗಿನ ಮೀಟರಿನ ಬಿಲ್ಲು ಇಳಿಸುವ ಏರ್ಪಾಡಿನ ಹೆಸರು. ಎರಡಕ್ಕೂ ಒಂದೇ ಹೆಸರಿಟ್ಟರೆ ಮಹಾಸಭೆಯಲ್ಲಿ ಗೊಂದಲ ಖಂಡಿತ.

ಈಗ ‘ಸಮುದಾಯ’ಕ್ಕೆ ಬರೋಣ. ಕರಡನ್ನು ಸಂಘದ ಹಿರಿಯರೊಬ್ಬರಿಗೆ ಓದಲು ಕೊಟ್ಟೆವು. ಶೀರ್ಷಿಕೆ ಓದಿ ಕನ್ನಡಕ ತೆಗೆದು, ‘ಯಾವ ಸಮುದಾಯದವರದು ಇದು? ನಮಗೂ ಕೊಡ್ತಾರಾ?’ ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಇವತ್ತಿನ ಸುದ್ದಿಯ ಕನ್ನಡದಲ್ಲಿ ಸಮುದಾಯ ಅಂದರೆ ಜಾತಿ. ‘ಸಮುದಾಯದ ಮುಖಂಡರು’, ‘ಸಮುದಾಯಕ್ಕೆ ಮೀಸಲಾತಿ’ ಅಂತ ದಿನಾ ಓದುತ್ತೇವೆ. ಇನ್ನೊಂದು ಕಡೆ ಸಮುದಾಯ ಆರೋಗ್ಯ ಕೇಂದ್ರ, ಸಮುದಾಯ ಶೌಚಾಲಯ ಇವೆ. ಅಲ್ಲಿ ಸಮುದಾಯ ಅಂದರೆ ಸರ್ಕಾರ ಕಟ್ಟಿಸಿಕೊಟ್ಟದ್ದು, ಎಲ್ಲರೂ ಬಳಸುವಂಥದ್ದು. ನಾವೇ ದುಡ್ಡು ಹಾಕಿ, ಇಷ್ಟು ಭಾಗ ನನ್ನದು ಅಂತ ಹೇಳಿಕೊಳ್ಳುವ ಅರ್ಥ ಎರಡರಲ್ಲೂ ಇಲ್ಲ. ಈ ಏರ್ಪಾಡಿನ ಜೀವ ಇರುವುದು ಅಲ್ಲೇ ಅಲ್ವಾ?

‘ಸೋಲಾರ್’ ಕೂಡ ಅಷ್ಟು ಸಲೀಸಾದ ಪದವಲ್ಲ. ಬೆಂಗಳೂರು, ಮೈಸೂರು ಕಡೆ ‘ಮನೆಗೆ ಸೋಲಾರ್ ಹಾಕಿಸಿದ್ದೀವಿ’ ಅಂದರೆ ಹೆಚ್ಚಿನವರು ತಿಳಿಯುವುದು ಬಿಸಿನೀರಿನ ಸೋಲಾರನ್ನೇ. ಕರಪತ್ರದಲ್ಲಿ ಒಂದು ಸಲವಾದರೂ ‘ಕರೆಂಟಿನ ಸೋಲಾರ್’ ಅಂತ ಬರೆಯಬೇಕು ಅನಿಸುತ್ತದೆ. ‘ಸೌರ’ ಅಂದರೆ ಈ ತೊಡಕು ಇಲ್ಲ. ಆದರೆ ಬಾಯಿಮಾತಿನಲ್ಲಿ ‘ಸೌರ’ ಅನ್ನುವವರು ಯಾರಿದ್ದಾರೆ?

‘ಹಂಚಿಕೆಯ ಸೋಲಾರ್’ ಅಂತ ಸ್ನೇಹಿತರೊಬ್ಬರು ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ ಹಂಚಿಕೆ ಅಂದಾಗ ಹಂಚುವವನೊಬ್ಬ, ಕೈಯೊಡ್ಡುವವನೊಬ್ಬ ಇರುತ್ತಾನೆ. ಸೀರೆ ಹಂಚಿದರು, ನಿವೇಶನ ಹಂಚಿದರು ಅಂದ ಹಾಗೆ. ಇಲ್ಲಿ ಹಾಗಿಲ್ಲ.

ನನ್ನ ಮನಸ್ಸಿಗೆ ಹತ್ತಿರವಾದದ್ದು ‘ಪಾಲು’. ಇದು ಎರಡೂ ಕಡೆ ಸಲ್ಲುವ ಮಾತು. ದುಡ್ಡು ಹಾಕುವಾಗಲೂ ಪಾಲು ಹಾಕುತ್ತೇವೆ, ಬಂದದ್ದನ್ನು ತೆಗೆದುಕೊಳ್ಳುವಾಗಲೂ ನಮ್ಮ ಪಾಲು ತೆಗೆದುಕೊಳ್ಳುತ್ತೇವೆ. ಜೊತೆಗೆ ಸಹಕಾರ ಸಂಘಗಳ ನೆನಪು ಇದಕ್ಕೆ ಅಂಟಿಕೊಂಡಿದೆ. ನಮ್ಮ ನಾಡಿಗೆ ಆ ಅನುಭವ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾಯಿತು. ಹಾಲಿನ ಡೈರಿಯ ಷೇರು, ಸೊಸೈಟಿಯ ಷೇರು, ವರ್ಷದ ಕೊನೆಗೆ ಡಿವಿಡೆಂಡು ಅಂದರೆ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕರೆಂಟಿನಲ್ಲೂ ನಮ್ಮ ಹತ್ತಿರ ಮಾದರಿ ಇದೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ನಡೆದುಕೊಂಡು ಬಂದಿದೆ. ಆ ತಾಲ್ಲೂಕಿನ ಮನೆಗಳಿಗೆ, ಪಂಪ್‌ಸೆಟ್‌ಗಳಿಗೆ ಕರೆಂಟು ಕೊಡುವುದು ಸಹಕಾರ ಸಂಘ, ಸರ್ಕಾರದ ವಿದ್ಯುತ್ ವಿತರಣಾ ಕಂಪನಿಯಾದ ಎಸ್ಕಾಂ ಅಲ್ಲ. ನಾಳೆ ಪಾಲಿನ ಸೋಲಾರ್ ಬೆಳೆಯುವುದಾದರೆ ಇಂಥ ಕಡೆ ನೆಲ ಹದವಾಗಿದೆ ಅಂತ ನನ್ನ ನಂಬಿಕೆ. ಲೆಕ್ಕ ಬರೆಯುವವರು, ಚುನಾವಣೆ ನಡೆಸುವವರು, ಸಭೆ ಸೇರಿ ಜಗಳ ಮಾಡಿ ಮತ್ತೆ ಒಂದಾಗುವವರು ಎಲ್ಲಾ ಅಲ್ಲಿ ಆಗಲೇ ಇದ್ದಾರೆ.

ಹೊರಗಿನ ಒಂದು ಮಾದರಿಯನ್ನು ಹೇಳಲೇಬೇಕು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಅನ್ನುವ ಹಳ್ಳಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೋಲಾರ್ ಪಂಪಿನ ಸಹಕಾರಿ ಮಂಡಳಿ ಮಾಡಿಕೊಂಡರು. ಆರೂ ಪಂಪು ಸೇರಿ 56.4 ಕಿಲೊವಾಟ್. ಮೊದಲು ಅವರು ಡೀಸೆಲ್ ಪಂಪಿನಲ್ಲಿ ನೀರು ಎತ್ತುತ್ತಿದ್ದರು. ಆಮೇಲೆ ಹೊಲಕ್ಕೆ ಬೇಕಾದಷ್ಟು ನೀರೆತ್ತಿ, ಉಳಿದ ಕರೆಂಟನ್ನು ಒಂದೇ ಮೀಟರಿನ ಮೂಲಕ ವಿದ್ಯುತ್ ಕಂಪನಿಗೆ ಮಾರತೊಡಗಿದರು. ಯೂನಿಟ್ಟಿಗೆ 4.63 ರೂಪಾಯಿ, 25 ವರ್ಷದ ಕರಾರು. ಕಂಪನಿಗೆ ಆರು ಮಂದಿಯ ಲೆಕ್ಕ ಬೇಡ, ಒಂದು ಮೀಟರ್ ಓದಿದರೆ ಸಾಕು. ಒಳಗಿನ ಪಾಲನ್ನು ಮಂಡಳಿಯವರೇ ಹಂಚಿಕೊಳ್ಳುತ್ತಾರೆ. ಕರೆಂಟು ಮಾರಿದರೆ ಕಾಸು ಬರುತ್ತದೆ ಅಂದಾಗ ಸುಮ್ನೆ ನೀರು ಎತ್ತುವುದೂ ಕಡಿಮೆಯಾಗುತ್ತದೆ. ಅಂತರ್ಜಲ ಉಳಿಯಬೇಕು ಅನ್ನುವವರು ಈ ಯೋಜನೆಗೆ ಒತ್ತಾಸೆ ಕೊಟ್ಟದ್ದು ಅದಕ್ಕೇ.

ಇದರ ಪಕ್ಕಕ್ಕೆ ನಮ್ಮ ಪಾವಗಡದ ಸೋಲಾರ್ ಪಾರ್ಕನ್ನು ಇಟ್ಟು ನೋಡಿ. 2,050 ಮೆಗಾವಾಟ್, ಸುಮಾರು 13,000 ಎಕರೆ. ರೈತರ ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ತೆಗೆದುಕೊಂಡರು. ಮಳೆ ಕೈಕೊಟ್ಟ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಆದರೂ ರೈತನಿಗೆ ಬರುವುದು ನೆಲದ ಬಾಡಿಗೆ, ಕರೆಂಟಿನಲ್ಲಿ ಪಾಲಿಲ್ಲ. ಜಮೀನೇ ಇಲ್ಲದ ಕೂಲಿಯವರಿಗಂತೂ ಬಾಡಿಗೆಯೂ ಇಲ್ಲ, ಹೊಲದ ಕೆಲಸವೂ ಹೋಯಿತು. ಆದ್ದರಿಂದ ಗುತ್ತಿಗೆ, ಗೇಣಿ ಅನ್ನುವ ಮಾತುಗಳು ಪಾಲಿನ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಬೇಕು ಅಂತ ನನ್ನ ಹಟ.

ಇಲ್ಲಿಂದ ಮುಂದೆ ನನಗೆ ನಿಜವಾಗಿ ಕಷ್ಟವಾಗಿರುವುದು ಜನರನ್ನು ಕರೆಯುವ ಪದ. ಅಮೆರಿಕದಲ್ಲಿ ಕೊಲೊರಾಡೊ 2010ರಲ್ಲಿ, ಮಿನೆಸೊಟಾ 2013ರಲ್ಲಿ ಇದಕ್ಕೆ ಕಾನೂನು ಮಾಡಿದವು. ಅಲ್ಲಿ ಇದನ್ನು ಸೋಲಾರ್ ಗಾರ್ಡನ್ ಅನ್ನುತ್ತಾರೆ. ಮಿನೆಸೊಟಾದ 2013ರ ಕಾನೂನಿನಲ್ಲಿ ಒಂದು ಗಾರ್ಡನ್ನಿಗೆ ಕಡಿಮೆ ಅಂದರೂ ಐದು ಮಂದಿ ಇರಬೇಕು, ಯಾರೊಬ್ಬರ ಭಾಗವೂ ನೂರಕ್ಕೆ 40 ಮೀರಬಾರದು ಅಂತ ಇಟ್ಟರು. ಅಲ್ಲಿ ಬಹುಪಾಲು ಘಟಕಗಳ ಒಡೆಯರು ಕಂಪನಿಗಳೇ. ಮನೆಯವರು ತಿಂಗಳಿಗೆ ಇಷ್ಟು ಅಂತ ಕಟ್ಟಿ ಬಿಲ್ಲಿನಲ್ಲಿ ರಿಯಾಯಿತಿ ಪಡೆಯುತ್ತಾರೆ. ಇವರಿಗೆ ನಮ್ಮಲ್ಲಿ ‘ಚಂದಾದಾರ’ ಅನ್ನುವ ಪದ ಸರಿಯಾಗಿ ಕೂರುತ್ತದೆ, ಪತ್ರಿಕೆಗೆ ಚಂದಾ ಕಟ್ಟಿದ ಹಾಗೆ. ಧುಂಡಿಯ ರೈತರು ಚಂದಾದಾರರಲ್ಲ, ಅವರು ಒಡೆಯರು. ಇಬ್ಬರಿಗೂ ಒಂದೇ ಪದ ಹಾಕಿದರೆ ನಾಳೆ ಯಾವುದೋ ಕಂಪನಿ ಚಂದಾ ಮಾರಿ ‘ನಿಮಗೂ ಪಾಲಿದೆ’ ಅಂತ ಜಾಹೀರಾತು ಕೊಡುತ್ತದೆ. ಕಂಪನಿ ಮುಚ್ಚಿದ ದಿನ ಜನ ಏನು ಕೇಳಬೇಕು, ಯಾರನ್ನು ಕೇಳಬೇಕು? ಚಂದಾ ಬೇರೆ, ಪಾಲು ಬೇರೆ ಅಂತ ಕನ್ನಡದಲ್ಲಿ ಮೊದಲೇ ಗೆರೆ ಎಳೆದುಬಿಡುವುದು ಒಳ್ಳೆಯದು.

ಒಡೆಯರಿಗೆ ‘ಪಾಲುದಾರ’ ಅನ್ನೋಣ ಅಂದರೆ ಅದಕ್ಕೆ ವ್ಯಾಪಾರದ ವಾಸನೆ ಇದೆ. ಪಾಲುದಾರಿಕೆ ಸಂಸ್ಥೆಯಲ್ಲಿ ನಷ್ಟವಾದರೆ ಸಾಲಗಾರ ಪಾಲುದಾರನ ಮನೆಯವರೆಗೂ ಬರಬಹುದು. ಸಹಕಾರ ಸಂಘದ ಸದಸ್ಯನ ಹೊಣೆ ಸಾಮಾನ್ಯವಾಗಿ ಅವನ ಷೇರಿನ ಮಟ್ಟಿಗೆ. ‘ಪಾಲಿನವರು’ ಅಂದರೆ ಹೇಗೆ? ‘ಷೇರುದಾರ ಸದಸ್ಯರು’ ಅಂತ ಸೊಸೈಟಿಯ ಮಾತನ್ನೇ ಇಟ್ಟುಕೊಳ್ಳೋಣವೇ?

ಇನ್ನು ಮೀಟರಿನ ಮಾತು. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಗ್ರೂಪ್ ನೆಟ್ ಮೀಟರಿಂಗ್, ವರ್ಚುವಲ್ ನೆಟ್ ಮೀಟರಿಂಗ್ ಅಂತ ಎರಡಕ್ಕೆ ಮಾರ್ಗಸೂಚಿ ತಂದಿತು. ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿಯ ಕಡತಗಳಿಗೂ ಈ ಹೆಸರುಗಳು ಬಂದಿವೆ. ನೆಟ್ ಮೀಟರಿಂಗ್ ಅಂದರೆ ಗ್ರಿಡ್ಡಿಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವುದು. ಮೊದಲನೆಯದರಲ್ಲಿ ಒಡೆಯ ಒಬ್ಬ, ಅವನ ಮೀಟರುಗಳು ಹಲವು. ಎರಡನೆಯದರಲ್ಲಿ ಘಟಕ ಒಂದು, ಮನೆಗಳು ಹಲವು. ನಮಗೆ ಬೇಕಾದದ್ದು ಎರಡನೆಯದು. ಅದನ್ನು ‘ಕಾಲ್ಪನಿಕ ನಿವ್ವಳ ಮಾಪನ’ ಅಂತ ಬರೆದದ್ದನ್ನು ನೋಡಿದೆ. ದುಡ್ಡು ಹಾಕಿದವನಿಗೆ ನಿನ್ನ ಯೂನಿಟ್ಟು ಕಾಲ್ಪನಿಕ ಅಂದರೆ ಅವನು ಎದ್ದು ಹೋಗುತ್ತಾನೆ! ಕಿರಾಣಿ ಅಂಗಡಿಯ ಲೆಕ್ಕದ ಮಾತು ಇಲ್ಲಿ ಒದಗುತ್ತದೆ: ‘ಯೂನಿಟ್ ಜಮಾ’. ‘ನಿಮ್ಮ ಪಾಲಿನ ಯೂನಿಟ್ಟು ನಿಮ್ಮ ಬಿಲ್ಲಿಗೆ ಜಮಾ ಆಗುತ್ತದೆ.’ ಇದನ್ನು ಓದಿ ತಿಳಿಯದವರಿಲ್ಲ. ಹಾಗೆಯೇ ವೀಲಿಂಗ್ ಚಾರ್ಜಿಗೆ ‘ತಂತಿ ಬಾಡಿಗೆ’ ಅನ್ನಬಹುದೇ? ಊರಾಚೆಯ ಕರೆಂಟು ಎಸ್ಕಾಂನ ತಂತಿಯಲ್ಲೇ ಬರಬೇಕಲ್ಲ, ಅದಕ್ಕೆ ಕೊಡುವ ಕಾಸು ಅದು.

ತೊಡಕುಗಳನ್ನೂ ಕರಪತ್ರದಲ್ಲಿ ಮುಚ್ಚಿಡದೆ ಬರೆಯಬೇಕು ಅಂತ ಸಂಘದಲ್ಲಿ ಒಪ್ಪಿದ್ದಾರೆ, ಅದು ನನಗೆ ಸಮಾಧಾನ. ತಂತಿ ಬಾಡಿಗೆ ಜಾಸ್ತಿಯಾದರೆ ಪಾಲಿನ ಲಾಭ ಅಲ್ಲೇ ಕರಗುತ್ತದೆ. ಹೆಚ್ಚು ದರ ಕೊಡುವ ಗ್ರಾಹಕರು ಕೈಬಿಟ್ಟರೆ ಎಸ್ಕಾಂಗಳ ವರಮಾನಕ್ಕೆ ಪೆಟ್ಟು, ಹಾಗಾಗಿ ಅವು ಇದಕ್ಕೆ ತಾವಾಗಿ ಮುಂದೆ ಬರುವುದಿಲ್ಲ. ಇನ್ನೊಂದು ನಮ್ಮ ರಾಜ್ಯದ್ದೇ ವಿಷಯ. 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ಟಿನೊಳಗೆ, ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿನ ಮಿತಿಯೊಳಗೆ ಬಳಸುವ ಮನೆಗೆ ಬಿಲ್ಲೇ ಇಲ್ಲ. ಬಡವರ ಮನೆಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲೇ ಇಲ್ಲದವರಿಗೆ ಜಮಾ ಎಲ್ಲಿಗೆ ಮಾಡುವುದು? ಪಾಲಿನ ಸೋಲಾರ್ ಉಳ್ಳವರ ಮನೆಯಲ್ಲೇ ನಿಂತುಬಿಡುವ ಅಪಾಯ ಇಲ್ಲಿದೆ. ಜಮಾ ಆದ ಯೂನಿಟ್ಟನ್ನು ಕಾಸಾಗಿ ಕೊಡುವ ದಾರಿ ಇದ್ದರೆ ಬಾಡಿಗೆ ಮನೆಯ ಕುಟುಂಬವೂ ಒಂದು ಪಾಲು ಹಿಡಿಯಬಹುದು, ಮನೆ ಬದಲಿಸಿದರೂ ಪಾಲು ಜೊತೆಗೇ ಹೋಗಬಹುದು. ನನಗೆ ಈ ಯೋಜನೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಸಾಧ್ಯತೆಯೇ.

ಈಗ ನಿಮ್ಮಲ್ಲಿ ನನ್ನ ಕೇಳಿಕೆ. ಉತ್ತರ ಕರ್ನಾಟಕದವರು ಹೇಳಿ, ನಿಮ್ಮ ಕಡೆ ‘ಪಾಲಿಗೆ ಮಾಡೋದು’ ಅಂದರೆ ಬೇರೆಯವರ ಹೊಲ ಉಳುವುದು ಅಲ್ವಾ? ಹಾಗಿದ್ದರೆ ‘ಪಾಲಿನ ಸೋಲಾರ್’ ಕೇಳಿದವರಿಗೆ ಕೋರು, ವಾರ ಅನ್ನುವ ಪಾಲು ಬೇಸಾಯದ ನೆನಪಾಗಿ ತಪ್ಪು ತಿಳಿಯುತ್ತಾರೆಯೇ? ಅಣ್ಣತಮ್ಮಂದಿರು ಪಾಲಾದ ನೆನಪೂ ಈ ಪದಕ್ಕಿದೆ, ಅದು ಅಡ್ಡ ಬರುತ್ತದೆಯೇ? ಹುಕ್ಕೇರಿ ತಾಲ್ಲೂಕಿನವರು ಯಾರಾದರೂ ಇದ್ದರೆ, ನಿಮ್ಮ ಸಂಘದ ಕರೆಂಟನ್ನು ಮನೆಮಾತಿನಲ್ಲಿ ಏನಂತೀರಿ? ಬಿಲ್ಲಿನ ಮೇಲೆ ನಿಮ್ಮನ್ನು ಗ್ರಾಹಕರು ಅಂತ ಬರೆಯುತ್ತಾರೋ, ಸದಸ್ಯರು ಅಂತಲೋ? ಅಮೆರಿಕದಲ್ಲಿದ್ದು ಇಂಥ ಗಾರ್ಡನ್ನಿಗೆ ಚಂದಾ ಕಟ್ಟುತ್ತಿರುವವರು, ಊರಲ್ಲಿರುವ ಅಪ್ಪ ಅಮ್ಮನಿಗೆ ಅದನ್ನು ಹೇಗೆ ವಿವರಿಸಿದಿರಿ? ನೀವು ಆಡಿದ ಮಾತು ಹೇಗಿತ್ತೋ ಹಾಗೇ ಬರೆಯಿರಿ. ಕರಪತ್ರ ಅಚ್ಚಿಗೆ ಹೋಗುವ ಮುನ್ನ ಕೈಸೇರಿದರೆ ಉಪಕಾರವಾಗುತ್ತದೆ.